ಹದಿನೆಂಟು ಮಹಡಿ, ಮನೆಗೆರಡು ಕಾರು, ಮತ್ತು ನಮ್ಮ ಬಸ್ಸು

ಬಸ್ ಸ್ಟಾಪಿನಲ್ಲಿ ನಿಂತಿದ್ದಾಗ ಆ ಫಲಕ ಕಣ್ಣಿಗೆ ಬಿತ್ತು. ಎದುರಿನ ಹಳೇ ಗೋದಾಮಿನ ತಂತಿ ಬೇಲಿಗೆ ಅದನ್ನು ಕಟ್ಟಿದ್ದರು. ಅಕ್ಷರ ಬಹಳ ಸಣ್ಣದು. ಮಳೆಗೆ ನೆನೆದು ಒಂದು ಮೂಲೆ ಮಡಚಿಕೊಂಡಿತ್ತು. ಬಸ್ ಬರಲು ಇನ್ನೂ ಹೊತ್ತಿತ್ತು, ರಸ್ತೆ ದಾಟಿ ಹೋಗಿ ಓದಿದೆ. 18 ಮಹಡಿಯ ಎರಡು ಕಟ್ಟಡ, 420 ಮನೆ, ಕೆಳಗೆ ಅಂಗಡಿ ಸಾಲು, ನೆಲದಡಿ ಮೂರು ಹಂತದ ಪಾರ್ಕಿಂಗ್. ಆಕ್ಷೇಪಣೆ ಇದ್ದವರು 30 ದಿನದೊಳಗೆ ಬರೆದು ಕೊಡಬೇಕು. ತಾರೀಖು ನೋಡಿದರೆ ಆಗಲೇ 11 ದಿನ ಹೋಗಿತ್ತು.

ಆ ದಿನ ಸಂಜೆ ಬೀದಿಯಲ್ಲಿ ಐದಾರು ಮನೆಯವರನ್ನು ಕೇಳಿದೆ. ಒಬ್ಬರೂ ನೋಡಿರಲಿಲ್ಲ. ಕಾರಿನಲ್ಲಿ ಹೋಗುವವರಿಗೆ ಅದು ಕಾಣುವ ಜಾಗವೇ ಅಲ್ಲ. ನಿಂತು ಕಾಯುವವರಿಗೆ ಮಾತ್ರ ಕಾಣುತ್ತದೆ.

ಮೂರನೇ ದಿನ ನಮ್ಮ ಮನೆಯ ವರಾಂಡದಲ್ಲಿ ಇಪ್ಪತ್ತಮೂರು ಜನ ಸೇರಿದರು. ಎಲ್ಲರಿಗೂ ಸಿಟ್ಟಿತ್ತು, ಆದರೆ ಒಬ್ಬೊಬ್ಬರಿಗೆ ಒಂದೊಂದು ಕಾರಣ. ಒಬ್ಬರಿಗೆ ಬಿಸಿಲು ಹೋಗುತ್ತದೆ ಎಂಬ ಚಿಂತೆ, ಇನ್ನೊಬ್ಬರಿಗೆ ಧೂಳಿನ ಭಯ. ಹೆಚ್ಚಿನವರಿಗೆ ಟ್ರಾಫಿಕ್ಕಿನದೇ ತಲೆನೋವು. ಈಗಲೇ ಬೆಳಿಗ್ಗೆ ಆ ಸಿಗ್ನಲ್ ದಾಟಲು ಎರಡು ಮೂರು ಸಲ ಕೆಂಪು ದೀಪ ನೋಡಬೇಕು. ಇನ್ನು ನಾನೂರು ಮನೆ ಬಂದರೆ ಗತಿ ಏನು? 'ಕಟ್ಟಲೇ ಬಿಡಬಾರದು' ಎಂಬ ಮಾತಿಗೆ ಎಲ್ಲರೂ ತಲೆಯಾಡಿಸಿದರು. ನಾನೂ ಆಡಿಸಿದೆ.

ಆಗ ಹಿಂದೆ ಕೂತಿದ್ದ ಹುಡುಗನೊಬ್ಬ ಎದ್ದು ನಿಂತ. ಮೂಲೆಮನೆಯ ಮಹಡಿಯಲ್ಲಿ ಬಾಡಿಗೆಗೆ ಇದ್ದಾನೆ. 'ಸರ್, ನಾಲ್ಕು ವರ್ಷದಲ್ಲಿ ನಾನು ಮೂರು ಮನೆ ಬದಲಾಯಿಸಿದ್ದೇನೆ. ಪ್ರತಿ ಸಲ ಕೆಲಸದಿಂದ ಇನ್ನಷ್ಟು ದೂರ ಹೋಗುತ್ತಿದ್ದೇನೆ. ಮನೆ ಬೇಡ ಅಂದರೆ ನನ್ನಂಥವರು ಎಲ್ಲಿಗೆ ಹೋಗಬೇಕು?' ಎಂದ. ಜಗಳದ ಮಾತಲ್ಲ. ಮೆತ್ತಗೆ ಕೇಳಿದ. ವರಾಂಡದಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ನನಗೆ ಆ ಪ್ರಶ್ನೆ ರಾತ್ರಿಯೆಲ್ಲ ಕಾಡಿತು. ಅವನು ಕೇಳಿದ್ದು ಸರಿಯಾಗಿಯೇ ಇತ್ತು. ಜನಕ್ಕೆ ಮನೆ ಬೇಕು. ಬೇಡವಾಗಿದ್ದು ಮನೆಯ ಜೊತೆ ಬರುವ ಕಾರುಗಳು. ಇವೆರಡನ್ನೂ ಬಿಡಿಸಿ ನೋಡಬೇಕು ಅನ್ನಿಸಿತು. ಅದಕ್ಕೆ ಮೊದಲು ಕಡತ ಓದಬೇಕಿತ್ತು.

ಯೋಜನಾ ಕಚೇರಿಯಲ್ಲಿ ಕಡತ ನೋಡಲು ಅರ್ಜಿ ಕೊಟ್ಟು ಎರಡು ದಿನ ಕಾದೆವು. ಗಣಿತ ಮೇಷ್ಟ್ರಾಗಿ ನಿವೃತ್ತರಾದ ನೆರೆಯವರೊಬ್ಬರು ನನ್ನ ಜೊತೆ ಬಂದರು. ಮೇಜಿನ ಮೇಲೆ ನಾಲ್ಕು ದಪ್ಪ ಸಂಪುಟ ಇಟ್ಟರು. ನಕ್ಷೆ, ನೀರು, ಒಳಚರಂಡಿ, ಅಗ್ನಿಶಾಮಕ, ಕೊನೆಗೆ ಸಂಚಾರ ವರದಿ. ಕೌಂಟರಿನಲ್ಲಿದ್ದ ಸಿಬ್ಬಂದಿ ಒಳ್ಳೆಯ ಮನುಷ್ಯ. 'ಮೊದಲು ಅರ್ಜಿಯ ಸಾರಾಂಶ ನೋಡಿ, ಆಮೇಲೆ ನೇರ ಸಂಚಾರ ವರದಿಯ ಅನುಬಂಧಕ್ಕೆ ಹೋಗಿ ಸರ್. ವಿಷಯ ಅಲ್ಲಿರುತ್ತೆ' ಎಂದು ಮೇಷ್ಟ್ರಿಗೆ ಹೇಳಿಕೊಟ್ಟರು. ಆ ಒಂದು ಮಾತು ನಮಗೆ ದಿನಗಟ್ಟಲೆ ಉಳಿಸಿತು.

ಕಟ್ಟಡ ದೊಡ್ಡದೋ ಅಲ್ಲವೋ ಎಂದು ಎತ್ತರ ನೋಡಿ ಹೇಳಲಾಗುವುದಿಲ್ಲ. ಇದು ನನಗೆ ಅಲ್ಲಿ ಗೊತ್ತಾಯಿತು. ಜಾಗದ ವಿಸ್ತೀರ್ಣಕ್ಕೂ ಎಲ್ಲ ಮಹಡಿಗಳ ಒಟ್ಟು ವಿಸ್ತೀರ್ಣಕ್ಕೂ ಇರುವ ಅನುಪಾತವನ್ನು ನೋಡಬೇಕು. ಅದನ್ನೇ ಎಫ್‌ಎಆರ್ ಅನ್ನುತ್ತಾರೆ. ಸಣ್ಣ ತಳದ ಎತ್ತರದ ಕಟ್ಟಡಕ್ಕಿಂತ, ಜಾಗ ತುಂಬ ಹರಡಿದ ಆರು ಮಹಡಿಯ ಕಟ್ಟಡದಲ್ಲಿ ಜಾಸ್ತಿ ಮನೆ ಇರಬಹುದು. ಇಲ್ಲಿ ಜಾಗ ಸುಮಾರು 8,000 ಚದರ ಮೀಟರ್. ನಿಯಮದಂತೆ ಅನುಪಾತ 4 ಇರಬಹುದಿತ್ತು. ಅವರು ಕೇಳಿದ್ದು 5. ಅಂದರೆ 8,000 ಚದರ ಮೀಟರ್ ಹೆಚ್ಚುವರಿ. ಯಾಕೆ ಕೊಡಬೇಕು ಎಂಬುದಕ್ಕೆ ಕಾರಣವನ್ನೂ ಬರೆದಿದ್ದರು: 'ಸಾರ್ವಜನಿಕ ಸಾರಿಗೆ ಹತ್ತಿರದಲ್ಲಿದೆ.'

ಆ ಸಾರ್ವಜನಿಕ ಸಾರಿಗೆ ಎಂದರೆ ನಾನು ದಿನಾ ನಿಲ್ಲುವ ಬಸ್ ಸ್ಟಾಪ್. ಅಲ್ಲಿಗೆ 35 ನಿಮಿಷಕ್ಕೊಂದು ಬಸ್. ಕೊನೇ ಬಸ್ ರಾತ್ರಿ ಎಂಟೂವರೆಗೆ.

ಮೇಷ್ಟ್ರು ಅನುಬಂಧ ತಿರುವುತ್ತಾ ಹೋದರು. 420 ಮನೆಯಿಂದ ಬೆಳಗಿನ ಜನದಟ್ಟಣೆಯ ಒಂದು ಗಂಟೆಯಲ್ಲಿ 168 ಕಾರು ಓಡಾಡುತ್ತವೆ ಎಂದು ಲೆಕ್ಕ ಹಾಕಿದ್ದರು. ಮುಂದಿನ ಸಾಲಿನಲ್ಲಿ, ಬಸ್ ಹತ್ತಿರ ಇರುವುದರಿಂದ ಶೇಕಡ 30 ಕಳೆದು, 118 ಎಂದು ಬರೆದಿದ್ದರು. ಹೆಚ್ಚುವರಿ ಮಹಡಿ ಕೇಳಲು ಒಂದು ಸಲ, ಟ್ರಾಫಿಕ್ ಕಡಿಮೆ ತೋರಿಸಲು ಇನ್ನೊಂದು ಸಲ, ಒಂದೇ ಬಸ್ ಸ್ಟಾಪು ಎರಡು ಕಡೆ ಲೆಕ್ಕಕ್ಕೆ ಬಂದಿತ್ತು. ನಾನು ಪಾರ್ಕಿಂಗ್ ನಕ್ಷೆಯ ಪುಟ ತೆಗೆದೆ. ಪ್ರತಿ ಮನೆಗೆ ಎರಡು ಕಾರಿನ ಜಾಗ. ಒಟ್ಟು 840.

ಇಬ್ಬರೂ ಸ್ವಲ್ಪ ಹೊತ್ತು ಆ ಎರಡು ಪುಟಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಕೂತೆವು. ಜನ ಬಸ್ಸಿನಲ್ಲಿ ಹೋಗುತ್ತಾರೆ ಎಂದು ಒಂದು ಪುಟ. ಮನೆಗೆ ಎರಡೆರಡು ಕಾರು ಬರುತ್ತವೆ ಎಂದು ಇನ್ನೊಂದು ಪುಟ. ನಾಲ್ಕೂ ಸಂಪುಟ ಹುಡುಕಿದರೂ ಹೊಸದಾಗಿ ಒಂದು ಬಸ್ ಓಡಿಸುವ ಮಾತು ಎಲ್ಲೂ ಇರಲಿಲ್ಲ.

ಇನ್ನೂ ಎರಡು ತಪ್ಪು ಕಣ್ಣಿಗೆ ಬಿದ್ದವು. ಗೇಟಿನಿಂದ ಸ್ಟಾಪಿಗೆ 300 ಮೀಟರ್ ಎಂದು ಬರೆದಿದ್ದರು. ಬಸ್ ಸ್ಟಾಪಿಗೆ ಜನ ನಡೆದು ಬರುವ ದೂರವನ್ನು ಯೋಜಕರು ಸಾಮಾನ್ಯವಾಗಿ 400 ಮೀಟರ್ ಎಂದು ಹಿಡಿಯುತ್ತಾರೆ, ಹಾಗಾಗಿ ಕಾಗದದ ಮೇಲೆ ಎಲ್ಲ ಸರಿ. ಆದರೆ ಅವರು ಅಳೆದದ್ದು ನಕ್ಷೆಯ ಮೇಲೆ ಗೆರೆ ಎಳೆದು. ಹೊಸ ಕಟ್ಟಡದ ಗೇಟಿನಿಂದ ನಡೆದುಹೋದರೆ ನಡುವೆ ವಿಭಜಕ ಇದೆ, ದಾಟುವ ಪಟ್ಟಿ ಇಲ್ಲ. ಸುತ್ತಿ ಬರಬೇಕು. ನಾವು ಅಳತೆ ಪಟ್ಟಿ ಹಿಡಿದು ನಡೆದಾಗ 690 ಮೀಟರ್ ಆಯಿತು. ಎರಡನೆಯದು, ವಾಹನ ಎಣಿಸಿದ ದಿನ. ತಾರೀಖು ನೋಡಿದರೆ ಅದು ಶಾಲೆಗಳಿಗೆ ರಜೆ ಇದ್ದ ವಾರ.

ಹಾಗಾದರೆ ನಾವೇ ಎಣಿಸೋಣ ಎಂದರು ಮೇಷ್ಟ್ರು.

ಈ ಎಣಿಕೆಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಇದನ್ನು ಯಾರು ಬೇಕಾದರೂ ಮಾಡಬಹುದು. ಶಾಲೆ, ಕಚೇರಿ ಎರಡೂ ಇರುವ ದಿನ ಆರಿಸಿಕೊಳ್ಳಬೇಕು. ಸೋಮವಾರ, ಶುಕ್ರವಾರ ಬೇಡ. ಆ ದಿನಗಳ ಓಡಾಟ ಬೇರೆ ಥರ ಇರುತ್ತದೆ. ನಾವು ಮಂಗಳವಾರ ಮತ್ತು ಬುಧವಾರ, ಬೆಳಿಗ್ಗೆ ಏಳೂವರೆಯಿಂದ ಒಂಬತ್ತೂವರೆ ತನಕ ನಿಂತೆವು. ಸಿಗ್ನಲ್ಲಿನ ನಾಲ್ಕು ಮೂಲೆಗೆ ಇಬ್ಬಿಬ್ಬರು. ಒಬ್ಬರು ಎಣಿಸಿ ಹೇಳುವುದು, ಇನ್ನೊಬ್ಬರು ಗೀಟು ಹಾಕುವುದು. ಹದಿನೈದು ನಿಮಿಷಕ್ಕೆ ಒಂದು ಹಾಳೆ. ಎಡಕ್ಕೆ ತಿರುಗಿದ್ದು, ನೇರ ಹೋಗಿದ್ದು, ಬಲಕ್ಕೆ ತಿರುಗಿದ್ದು ಬೇರೆ ಬೇರೆ. ನಾಲ್ಕು ಗೀಟಿನ ಮೇಲೆ ಐದನೆಯದು ಅಡ್ಡ. ಬಾಡಿಗೆ ಮನೆಯ ಹುಡುಗ ಎರಡೂ ದಿನ ಕೆಲಸಕ್ಕೆ ತಡವಾಗಿ ಹೋದ. ಎಂಟನೇ ತರಗತಿಯ ಹುಡುಗಿಯೊಬ್ಬಳು ಶಾಲೆಯ ಬಸ್ ಬರುವ ತನಕ ನಿಂತು ಎಣಿಸಿದಳು. ಎಲ್ಲರಿಗಿಂತ ಚೊಕ್ಕಟ ಹಾಳೆ ಅವಳದು.

ನಮ್ಮ ಹಾಳೆಯಲ್ಲಿ ವರದಿಯಲ್ಲಿಲ್ಲದ ಒಂದು ಕಾಲಂ ಇತ್ತು: ಒಳಗೆ ಎಷ್ಟು ಜನ ಇದ್ದಾರೆ ಎಂಬುದು.

ಇದು ಯಾಕೆ ಮುಖ್ಯ ಎಂದರೆ, ಸಂಚಾರ ವರದಿಗಳಲ್ಲಿ ಎಲ್ಲ ವಾಹನಗಳನ್ನೂ ಕಾರಿನ ಅಳತೆಗೆ ಇಳಿಸುತ್ತಾರೆ. ಒಂದು ಬಸ್ಸನ್ನು ಎರಡು ಅಥವಾ ಮೂರು ಕಾರಿಗೆ ಸಮ ಎಂದು ಹಿಡಿಯುವುದು ರೂಢಿ. ಅದು ರಸ್ತೆಯಲ್ಲಿ ಹಿಡಿಯುವ ಜಾಗದ ಲೆಕ್ಕ. ಆ ಬಸ್ಸಿನೊಳಗೆ ಐವತ್ತೈದು ಜನ ನಿಂತು ಕೂತು ಹೋಗುತ್ತಿದ್ದರೂ ಕಾಗದದಲ್ಲಿ ಅದು ಮೂರು ಕಾರಿನಷ್ಟು ತೊಂದರೆ, ಅಷ್ಟೇ. ಸಿಗ್ನಲ್ಲುಗಳಿಗೆ ಎ ಇಂದ ಎಫ್ ತನಕ ದರ್ಜೆ ಕೊಡುವ ಪದ್ಧತಿ ಅಮೆರಿಕದಲ್ಲಿ 1965ರ ಕೈಪಿಡಿಯಿಂದ ಶುರುವಾಗಿ ಬೇಕಾದಷ್ಟು ದೇಶಗಳಿಗೆ ಹಬ್ಬಿದೆ. ಅಲ್ಲೂ ಸಿಗ್ನಲ್ಲಿನಲ್ಲಿ ನೋಡುವುದು ಒಂದು ವಾಹನ ಎಷ್ಟು ಸೆಕೆಂಡು ಕಾಯುತ್ತದೆ ಎಂಬುದನ್ನು. ಎಷ್ಟು ಜನ ಕಾಯುತ್ತಾರೆ ಎಂದು ನೋಡುವುದಿಲ್ಲ. ಕ್ಯಾಲಿಫೋರ್ನಿಯಾ ರಾಜ್ಯ 2013ರಲ್ಲಿ ಕಾನೂನು ಮಾಡಿ, ಪರಿಸರ ಪರಿಶೀಲನೆಯಲ್ಲಿ ಈ ಅಳತೆಯನ್ನು ಬಿಡಲು ದಾರಿ ಮಾಡಿತು. ಅದರ ಬದಲು, ಹೊಸ ಕಟ್ಟಡದಿಂದ ಒಟ್ಟು ಎಷ್ಟು ದೂರದ ವಾಹನ ಓಡಾಟ ಹುಟ್ಟುತ್ತದೆ ಎಂದು ಈಗ ನೋಡುತ್ತಾರೆ.

ನಮ್ಮ ಎಣಿಕೆ ಹೀಗಿತ್ತು. ನಮ್ಮ ಕಡೆಯ ಒಂದೇ ಪಥದಲ್ಲಿ ಅತಿ ದಟ್ಟಣೆಯ ಗಂಟೆಯಲ್ಲಿ 440 ಕಾರು ದಾಟಿದವು. ಮುಕ್ಕಾಲು ಪಾಲು ಕಾರಿನಲ್ಲಿ ಒಬ್ಬರೇ. ಅದೇ ಗಂಟೆಯಲ್ಲಿ ಬಂದ ಎರಡು ಬಸ್ಸಿನಲ್ಲಿ 110 ಜನ. ಅಷ್ಟೇ ಜನವನ್ನು ಕಾರಿನಲ್ಲಿ ಸಾಗಿಸಲು ಎಂಬತ್ತಕ್ಕೂ ಜಾಸ್ತಿ ಕಾರು ಬೇಕಾಯಿತು. ಆ ಎರಡು ಬಸ್ಸುಗಳೂ ಅದೇ ಸಾಲಿನಲ್ಲಿ ಸಿಕ್ಕಿಕೊಂಡು ಮೂರು ಮೂರು ಕೆಂಪು ದೀಪ ಕಾದವು. ಬಸ್ಸಿನ ಕಿಟಕಿಯಿಂದ ಒಬ್ಬ ಅಜ್ಜಿ ನಮ್ಮನ್ನು ನೋಡುತ್ತಿದ್ದರು. ಅವರ ಆ ಐದಾರು ನಿಮಿಷವನ್ನು ಯಾವ ವರದಿಯಲ್ಲೂ ಬರೆದಿಲ್ಲವಲ್ಲ ಎಂದು ನನಗೆ ಬಹಳ ಸಂಕಟವಾಯಿತು.

ಮೇಷ್ಟ್ರು ಆ ಸಂಜೆ ಒಂದು ಹಾಳೆಯಲ್ಲಿ ಲೆಕ್ಕ ಬಿಡಿಸಿ ತೋರಿಸಿದರು. ಎಲ್ಲ ಅನುಕೂಲವಿದ್ದು, ಒಂದು ಗಂಟೆ ಪೂರ್ತಿ ಹಸಿರು ದೀಪವಿದ್ದರೆ ಒಂದು ಪಥದಲ್ಲಿ ಸುಮಾರು 1,900 ಕಾರು ದಾಟಬಹುದು. ನಮ್ಮ ಸಿಗ್ನಲ್ಲಿನ ಸುತ್ತು 120 ಸೆಕೆಂಡು, ನಮ್ಮ ಕಡೆಗೆ ಹಸಿರು 30 ಸೆಕೆಂಡು. ಕಾಲು ಭಾಗ. ಅಂದರೆ ಗಂಟೆಗೆ 475. ಈಗಲೇ 440 ಹೋಗುತ್ತಿವೆ. ಉಳಿದಿದ್ದು 35. ವರದಿಯ 118 ಕಾರಿನಲ್ಲಿ ಅರ್ಧ ನಮ್ಮ ಕಡೆ ಬಂದರೂ ರಸ್ತೆ ಹಿಡಿಸುವುದಿಲ್ಲ. ಅಲ್ಲದೆ ರಸ್ತೆ ತುಂಬುತ್ತಾ ಬಂದ ಹಾಗೆ ಕಾಯುವ ಹೊತ್ತು ಒಂದೇ ಸಮ ಏರುವುದಿಲ್ಲ. ಕೊನೆಯ ಕೆಲವೇ ಕಾರುಗಳು ಸೇರಿದಾಗ ಸಾಲು ಇದ್ದಕ್ಕಿದ್ದಂತೆ ಬೆಳೆದುಬಿಡುತ್ತದೆ. ನೀರಿನ ಕೊಡದ ಹಾಗೆ, ಬಾಯಿಮಟ್ಟ ತುಂಬಿದ ಮೇಲೆ ಒಂದು ಲೋಟ ಹಾಕಿದರೂ ಚೆಲ್ಲುತ್ತದೆ.

ಈ ಲೆಕ್ಕ ಕೇಳಿದ ಕೂಡಲೇ ಅರ್ಧ ಜನ 'ಹಾಗಾದರೆ ರಸ್ತೆ ಅಗಲ ಮಾಡಿಸೋಣ, ಬಿಲ್ಡರ್ ಖರ್ಚಿನಲ್ಲೇ' ಎಂದರು. ಇದೇ ನಮ್ಮ ನಡುವೆ ನಡೆದ ದೊಡ್ಡ ವಾದ. ಎರಡು ಸಂಜೆ ಹೋಯಿತು. ಮೊದಲಿಗೆ ನನಗೂ ಅದು ಸರಿ ಅನ್ನಿಸಿತ್ತು. ಓದುತ್ತಾ ಹೋದಾಗ ಮನಸ್ಸು ಬದಲಾಯಿತು. ಅರ್ಥಶಾಸ್ತ್ರಜ್ಞ ಆಂಥನಿ ಡೌನ್ಸ್ 1962ರಲ್ಲೇ ಇದನ್ನು ಹೇಳಿದ್ದರು: ದಟ್ಟಣೆಯ ಹೊತ್ತಿನಲ್ಲಿ ಹೆದ್ದಾರಿ ಎಷ್ಟು ಅಗಲ ಮಾಡಿದರೂ ವಾಹನ ಅಷ್ಟಕ್ಕೂ ತುಂಬಿಕೊಳ್ಳುತ್ತದೆ. ಬೇರೆ ದಾರಿಯಲ್ಲಿ ಹೋಗುತ್ತಿದ್ದವರು, ಬೇರೆ ಹೊತ್ತಿಗೆ ಹೋಗುತ್ತಿದ್ದವರು, ಬಸ್ಸಿನಲ್ಲಿ ಹೋಗುತ್ತಿದ್ದವರು ಎಲ್ಲ ಆ ಹೊಸ ಜಾಗಕ್ಕೆ ಬರುತ್ತಾರೆ. 2011ರಲ್ಲಿ ಡುರಾಂಟನ್ ಮತ್ತು ಟರ್ನರ್ ಎಂಬ ಇಬ್ಬರು ಅಮೆರಿಕದ ನಗರಗಳ ಅಂಕಿ ಅಂಶ ತೆಗೆದು ನೋಡಿದಾಗ, ಹೆದ್ದಾರಿ ಎಷ್ಟು ಹೆಚ್ಚಿತೋ ವಾಹನ ಓಡಾಟವೂ ಹೆಚ್ಚುಕಡಿಮೆ ಅಷ್ಟೇ ಹೆಚ್ಚಿದ್ದು ಕಂಡಿತು. ಹೂಸ್ಟನ್ ನಗರದ ಕೇಟಿ ಹೆದ್ದಾರಿಯನ್ನು 2008ರಲ್ಲಿ ಭಾರಿ ಅಗಲ ಮಾಡಿ ಮುಗಿಸಿದರು. ಪಕ್ಕದ ರಸ್ತೆಗಳೂ ಸೇರಿ ಕೆಲವು ಕಡೆ 26 ಪಥ. ಕೆಲವೇ ವರ್ಷಗಳಲ್ಲಿ ಅಲ್ಲಿ ದಟ್ಟಣೆಯ ಹೊತ್ತಿನ ಪ್ರಯಾಣ ಮತ್ತೆ ನಿಧಾನವಾಯಿತು.

ದಕ್ಷಿಣ ಕೊರಿಯಾದ ಸೋಲ್ ನಗರದ ಕಥೆ ಹೇಳಿದಾಗ ಎದುರು ವಾದಿಸುತ್ತಿದ್ದವರೂ ಕಿವಿಗೊಟ್ಟರು. ಅಲ್ಲಿ ಚಂಗ್ಯೇಚನ್ ಎಂಬ ಹಳ್ಳದ ಮೇಲೆ ಕಟ್ಟಿದ್ದ ಮೇಲ್ಸೇತುವೆ ರಸ್ತೆಯನ್ನು 2003ರಲ್ಲಿ ಕೆಡವಲು ಶುರು ಮಾಡಿದರು. 2005ರಲ್ಲಿ ಹಳ್ಳ ಜನಕ್ಕೆ ತೆರೆಯಿತು. ಊರು ನಿಂತುಹೋಗುತ್ತದೆ ಎಂದು ಭಯ ಇತ್ತು. ನಿಲ್ಲಲಿಲ್ಲ. ನಡುವೆ 2004ರಲ್ಲಿ ಅವರು ಬಸ್ ವ್ಯವಸ್ಥೆಯನ್ನೇ ಹೊಸದಾಗಿ ಜೋಡಿಸಿ, ರಸ್ತೆಯ ನಡುವೆ ಬಸ್ಸಿಗೇ ಪಥ ಕೊಟ್ಟರು. ಎಲ್ಲರೂ ಮೂರೂ ಹೊತ್ತು ಬಳಸುವ ರಸ್ತೆಯನ್ನು ಕೆಡವಿಬಿಡಿ ಎಂದು ನಾನು ಹೇಳುತ್ತಿಲ್ಲ. ಬಸ್ಸು ಚೆನ್ನಾಗಿದ್ದರೆ ಜನ ದಾರಿ ಬದಲಾಯಿಸುತ್ತಾರೆ ಎಂಬುದಷ್ಟೇ ಮಾತು. ಮಾಮೂಲಿ ಕಾರು ತುಂಬಿದ ಒಂದು ಪಥ ಗಂಟೆಗೆ 600ರಿಂದ 1,600 ಜನರನ್ನು ಸಾಗಿಸಿದರೆ, ಬಸ್ಸಿಗೇ ಮೀಸಲಾದ ಪಥ 4,000ದಿಂದ 8,000 ಜನರನ್ನು ಸಾಗಿಸಬಲ್ಲದು ಎಂದು ನಗರ ಸಾರಿಗೆಯ ಮಾರ್ಗದರ್ಶಿಗಳು ಹೇಳುತ್ತವೆ. ನಮಗೆ ಇರುವುದು ಅಷ್ಟೇ ಅಗಲದ ರಸ್ತೆ. ಅದರಲ್ಲಿ ಯಾರಿಗೆ ಜಾಗ ಎಂಬುದೇ ಪ್ರಶ್ನೆ, ಅಲ್ವಾ?

ಕೊನೆಗೆ ರಸ್ತೆ ಅಗಲದ ಬೇಡಿಕೆ ಕೈಬಿಟ್ಟೆವು. ಇಬ್ಬರು ಬೇಸರಪಟ್ಟು ಬರುವುದು ನಿಲ್ಲಿಸಿದರು. ಅದು ನನಗೆ ಈಗಲೂ ನೋವು.

ಆಕ್ಷೇಪಣೆ ಪತ್ರದ ಮೊದಲ ಕರಡು ಹನ್ನೊಂದು ಪುಟ ಇತ್ತು. ಎಲ್ಲರ ಸಿಟ್ಟೂ ಅದರಲ್ಲಿತ್ತು. ವಕೀಲೆಯೊಬ್ಬರು ಓದಿ, 'ಟ್ರಾಫಿಕ್ ಜಾಸ್ತಿ ಆಗುತ್ತೆ ಅಂತ ಬರೆದರೆ ಅವರು ಪರಿಶೀಲಿಸಲಾಗಿದೆ ಅಂತ ಒಂದು ಸಾಲು ಬರೆದು ಮುಚ್ಚುತ್ತಾರೆ. ಇಂಥ ಪುಟದ ಇಂಥ ಅಂಕಿ ತಪ್ಪು, ಅದಕ್ಕೆ ಇದು ಆಧಾರ, ನಮಗೆ ಇದು ಬೇಕು ಅಂತ ಬರೆಯಿರಿ' ಎಂದರು. ಎರಡೂವರೆ ಪುಟಕ್ಕೆ ಇಳಿಸಿದೆವು. ಶಾಲೆ ಇರುವ ದಿನ ಮತ್ತೆ ಎಣಿಸಬೇಕು. ಒಳ್ಳೆಯ ಬಸ್ ಇಲ್ಲದ ಕಡೆ ಬಸ್ಸಿನ ಹೆಸರಿನಲ್ಲಿ ಹೆಚ್ಚುವರಿ ಮಹಡಿ ಕೊಡಬಾರದು. ಪಾರ್ಕಿಂಗ್ ಮನೆಗೆ ಒಂದಕ್ಕಿಂತ ಜಾಸ್ತಿ ಬೇಡ. ಗೇಟು ಸಿಗ್ನಲ್ಲಿನ ಪಕ್ಕ ಇರದೆ ಹಿಂದಿನ ರಸ್ತೆಗೆ ಹೋಗಬೇಕು. ದಾಟುವ ಪಟ್ಟಿ ಬೇಕು. ಮನೆಗಳಿಗೆ ಜನ ಬರುವ ಮೊದಲು ಹತ್ತು ನಿಮಿಷಕ್ಕೊಂದು ಬಸ್ ಬರಬೇಕು.

ಹತ್ತು ನಿಮಿಷ ಯಾಕೆ ಎಂದು ಕೆಲವರು ಕೇಳಿದರು. ಅಷ್ಟು ಬೇಗ ಬರುವ ಬಸ್ಸಿಗೆ ಜನ ವೇಳಾಪಟ್ಟಿ ನೋಡುವುದಿಲ್ಲ, ಸುಮ್ನೆ ಬಂದು ನಿಲ್ಲುತ್ತಾರೆ. ಸರಾಸರಿ ಕಾಯುವುದು ಐದು ನಿಮಿಷ. 35 ನಿಮಿಷಕ್ಕೊಂದು ಬರುವ ಬಸ್ ಒಂದು ತಪ್ಪಿದರೆ ಕೆಲಸವೇ ತಪ್ಪುತ್ತದೆ. ಅಂಥ ಬಸ್ಸನ್ನು ನಂಬಿ ಯಾರು ಕಾರು ಬಿಡುತ್ತಾರೆ? ಬಂದ ಮೊದಲ ತಿಂಗಳಲ್ಲೇ ಕಾರು ತೆಗೆದುಕೊಂಡವರು ಆಮೇಲೆ ಬಸ್ ಬಂದರೂ ಹತ್ತುವುದು ಕಷ್ಟ. ಅದಕ್ಕೇ 'ಮೊದಲು' ಎಂಬ ಪದದ ಕೆಳಗೆ ಗೆರೆ ಎಳೆದೆವು.

ಪಾರ್ಕಿಂಗ್ ಬಗ್ಗೆಯೂ ನಾವು ವಿಚಿತ್ರದ್ದೇನೂ ಕೇಳಲಿಲ್ಲ. ಲಂಡನ್ ನಗರ 2004ರಿಂದ ಹೊಸ ಕಟ್ಟಡಗಳಿಗೆ ಕನಿಷ್ಠ ಇಷ್ಟು ಪಾರ್ಕಿಂಗ್ ಇರಲೇಬೇಕು ಎನ್ನುವುದನ್ನು ಬಿಟ್ಟು, ಗರಿಷ್ಠ ಮಿತಿ ಹಾಕಿತು. ಮೆಕ್ಸಿಕೋ ಸಿಟಿ 2017ರಲ್ಲಿ ಅದನ್ನೇ ಮಾಡಿತು.

ವಿಚಾರಣೆಯ ದಿನ ಒಬ್ಬೊಬ್ಬರಿಗೆ ಮೂರು ನಿಮಿಷ. ಮೇಷ್ಟ್ರು 475 ಮತ್ತು 440ರ ಲೆಕ್ಕ ಹೇಳಿದರು. ನಾನು ಎರಡು ಪುಟಗಳನ್ನು ಪಕ್ಕಪಕ್ಕ ಹಿಡಿದು ತೋರಿಸಿದೆ. ಕೈ ನಡುಗುತ್ತಿತ್ತು. ಆಮೇಲೆ ಬಾಡಿಗೆ ಮನೆಯ ಹುಡುಗ ನಿಂತ. 'ನನಗೆ ಈ ಮನೆಗಳು ಬೇಕು. ಆದರೆ ಎರಡು ಕಾರಿನ ಜಾಗಕ್ಕೂ ಸೇರಿಸಿ ದುಡ್ಡು ಕೊಡಲು ನನ್ನ ಕೈಲಿ ಆಗಲ್ಲ. ನನ್ನ ಹತ್ತಿರ ಕಾರೇ ಇಲ್ಲ. ನನಗೆ ಬಸ್ ಕೊಡಿ' ಎಂದ. ಸಭೆಯಲ್ಲಿ ಅವತ್ತು ಕೇಳಿದ ಮಾತುಗಳಲ್ಲಿ ಅದಕ್ಕಿಂತ ಸರಿಯಾದ ಮಾತು ಇರಲಿಲ್ಲ.

ಬಿಲ್ಡರ್ ಕಡೆಯ ಎಂಜಿನಿಯರ್ ಮರ್ಯಾದೆಯಿಂದಲೇ ಉತ್ತರ ಕೊಟ್ಟರು. ಬಸ್ ಓಡಿಸುವುದು ನಮ್ಮ ಕೆಲಸ ಅಲ್ಲ ಎಂದರು. ಅಧ್ಯಕ್ಷರು, ನಮ್ಮ ಕಚೇರಿಯದ್ದೂ ಅಲ್ಲ ಎಂದರು. ಹಾಗಾದರೆ ಸಾರಿಗೆ ಸಂಸ್ಥೆಯವರು ಇಲ್ಲಿ ಇದ್ದಾರಾ ಎಂದು ಕೇಳಿದೆ. ಇರಲಿಲ್ಲ. ಅವರನ್ನು ಕರೆದೇ ಇರಲಿಲ್ಲ. ಇಡೀ ಪ್ರಕ್ರಿಯೆಯಲ್ಲಿ ನನಗೆ ಅತಿ ಹೆಚ್ಚು ದುಃಖ ಆಗಿದ್ದು ಆ ಕ್ಷಣ. ಬಸ್ಸನ್ನು ತೋರಿಸಿ ಮಹಡಿ ಕೇಳುತ್ತಾರೆ, ಬಸ್ಸನ್ನು ತೋರಿಸಿ ಕಾರಿನ ಸಂಖ್ಯೆ ಇಳಿಸುತ್ತಾರೆ, ಬಸ್ ಓಡಿಸುವವರಿಗೆ ಮಾತ್ರ ಸುದ್ದಿಯೇ ಇಲ್ಲ. ಬ್ರೆಜಿಲ್ಲಿನ ಕುರಿಟಿಬಾ ನಗರ 1974ರಲ್ಲಿ ಬಸ್ಸಿಗೇ ಮೀಸಲಾದ ರಸ್ತೆ ಶುರು ಮಾಡಿದಾಗ ಎರಡನ್ನೂ ಒಟ್ಟಿಗೇ ಯೋಚಿಸಿತ್ತು. ಬಸ್ ಮಾರ್ಗದ ಉದ್ದಕ್ಕೂ ಎತ್ತರದ ಕಟ್ಟಡಕ್ಕೆ ಅವಕಾಶ, ದೂರ ಹೋದ ಹಾಗೆ ಕಡಿಮೆ. ನಮ್ಮಲ್ಲಿ ಎರಡು ಕಚೇರಿಗಳ ನಡುವೆ ಒಂದು ಕಾಗದವೂ ಓಡಾಡಿರಲಿಲ್ಲ.

ಏಳು ವಾರದ ಮೇಲೆ ತೀರ್ಮಾನ ಬಂತು. ಶಾಲೆಯ ದಿನ ಮತ್ತೆ ಎಣಿಸಿದ್ದರು, ನಮ್ಮ ಸಂಖ್ಯೆಗೂ ಅವರದಕ್ಕೂ ಹೆಚ್ಚು ವ್ಯತ್ಯಾಸ ಇರಲಿಲ್ಲ. ಹೆಚ್ಚುವರಿ ಅನುಪಾತ ಕೊಡಲಿಲ್ಲ. 18 ಮಹಡಿ 14 ಆಯಿತು. ಗೇಟು ಹಿಂದಿನ ರಸ್ತೆಗೆ ಹೋಯಿತು, ದಾಟುವ ಪಟ್ಟಿ ಷರತ್ತಿನಲ್ಲಿ ಸೇರಿತು. ಪಾರ್ಕಿಂಗ್ ಮನೆಗೆ ಒಂದೂವರೆ ಕಾರಿಗೆ ಇಳಿಯಿತು, ನಾವು ಕೇಳಿದಷ್ಟಲ್ಲ. ಬಸ್ಸಿನ ಬಗ್ಗೆ 'ಸಾರಿಗೆ ಸಂಸ್ಥೆಯೊಂದಿಗೆ ಸಮಾಲೋಚಿಸತಕ್ಕದ್ದು' ಎಂಬ ಒಂದೇ ಸಾಲು.

ಆ ಸಾಲು ಹಿಡಿದುಕೊಂಡು ನಾವೇ ಸಾರಿಗೆ ಸಂಸ್ಥೆಯ ಕಚೇರಿಗೆ ಹೋದೆವು. ನಾಲ್ಕು ಸಲ. ಮೂರನೇ ಸಲ ಮಾರ್ಗ ನೋಡಿಕೊಳ್ಳುವ ಅಧಿಕಾರಿಯೊಬ್ಬರು ನಮ್ಮ ಎಣಿಕೆಯ ಹಾಳೆ ಒಂದೊಂದಾಗಿ ನೋಡಿ, 'ಒಳಗೆ ಎಷ್ಟು ಜನ ಇದ್ದರು ಅಂತ ಬರೆದಿದ್ದೀರಲ್ಲ, ಇದು ನನಗೆ ಬೇಕಿತ್ತು ಮೇಡಂ' ಎಂದರು. ಈಗ ಬೆಳಿಗ್ಗೆ ಸಂಜೆ 20 ನಿಮಿಷಕ್ಕೊಂದು ಬಸ್ ಬರುತ್ತಿದೆ. ಕೊನೇ ಬಸ್ ರಾತ್ರಿ ಹತ್ತಕ್ಕೆ. ಬಸ್ಸಿಗೇ ಮೀಸಲು ಪಥ ಬೇಕೆಂದು ನಾವು ಕೊಟ್ಟ ಅರ್ಜಿ ಮಾತ್ರ ಇನ್ನೂ ಅಲ್ಲೇ ಇದೆ.

ಗೋದಾಮು ಕೆಡವಿ ಆಯಿತು, ತಳಪಾಯ ತೋಡುತ್ತಿದ್ದಾರೆ. ನಾವು ಮೂರು ತಿಂಗಳಿಗೊಮ್ಮೆ ಎಣಿಸುವುದನ್ನು ನಿಲ್ಲಿಸಿಲ್ಲ. ಎಂಟನೇ ತರಗತಿಯ ಹುಡುಗಿ ಈಗ ಒಂಬತ್ತಕ್ಕೆ ಬಂದಿದ್ದಾಳೆ, ಹಾಳೆಗಳೆಲ್ಲ ಅವಳ ಹತ್ತಿರವೇ ಇವೆ. ಬರುವ ಮಂಗಳವಾರ ಮತ್ತೆ ಏಳೂವರೆಗೆ ಸಿಗ್ನಲ್ಲಿನ ಹತ್ತಿರ ಸೇರುತ್ತೇವೆ. ನಾಲ್ಕನೇ ಮೂಲೆಗೆ ಇನ್ನೂ ಒಬ್ಬರು ಬೇಕು.